ನಾವು ಹೋಮ್‌ಸಿಕ್ ಅಲ್ಲ

ಪುಣೆಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಚಹಾ ಆರುವ ಮೊದಲೇ ಒಬ್ಬರು ‘ಭಾಳ ಹೋಮ್‌ಸಿಕ್ ಆಗೇದ’ ಅನ್ನುತ್ತಾರೆ. ಇನ್ನೊಬ್ಬರು ‘ನನಗೂ ನಾಸ್ಟಾಲ್ಜಿಯಾ’ ಅನ್ನುತ್ತಾರೆ. ಎರಡೂ ಒಂದೇ ಎಂಬಂತೆ ಉಳಿದವರು ತಲೆಯಾಡಿಸುತ್ತಾರೆ. ನನ್ನ ತಕರಾರು ಇಲ್ಲಿಂದಲೇ ಶುರು. ಎರಡೂ ಒಂದೇ ಎಂದುಕೊಂಡು ನಾವು ಊರಿಗೆ ಅನ್ಯಾಯ ಮಾಡುತ್ತಿದ್ದೇವೆ.

ಹುಟ್ಟಿನಲ್ಲಿ ಒಂದೇ ಆಗಿದ್ದವು, ಒಪ್ಪುತ್ತೇನೆ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಬರೆದ ಪ್ರಬಂಧದಲ್ಲಿ ‘ನಾಸ್ಟಾಲ್ಜಿಯಾ’ ಪದವನ್ನು ಕಟ್ಟಿದ. ಗ್ರೀಕಿನ ‘ನೋಸ್ಟೋಸ್’ ಎಂದರೆ ಮನೆಗೆ ಮರಳುವುದು, ‘ಆಲ್ಗೋಸ್’ ಎಂದರೆ ನೋವು. ಮನೆ ಬಿಟ್ಟು ದೂರ ಹೋದವರ ಕಾಯಿಲೆಗೆ ಅವನಿಟ್ಟ ಹೆಸರು ಅದು. ಊರಿಗೆ ಕಳಿಸುವುದೇ ಮದ್ದು ಎಂಬ ನಂಬಿಕೆಯಿತ್ತು. ಆದರೆ 1798ರಲ್ಲಿ ಕಾಂಟ್ ಇದರ ಒಳಗುಟ್ಟು ಹಿಡಿದ. ಮರಳಿದವರಿಗೆ ನಿರಾಸೆಯಾಗುತ್ತದೆ, ಊರು ಬದಲಾಯಿತು ಎಂದುಕೊಳ್ಳುತ್ತಾರೆ. ನಿಜವಾಗಿ ಅವರಿಗೆ ಮರಳಿ ಸಿಗದಿರುವುದು ತಮ್ಮ ಎಳೆಯ ವಯಸ್ಸು ಎಂದ. ಪದದ ಅರ್ಥವೂ ಕ್ರಮೇಣ ಅತ್ತಲೇ ವಾಲಿತು. ಇಂದು ಹೋಮ್‌ಸಿಕ್ ಆದವನಿಗೆ ಬೇಕಾದದ್ದು ಒಂದು ಜಾಗ, ನಾಸ್ಟಾಲ್ಜಿಯಾ ಹಿಡಿದವನಿಗೆ ಒಂದು ಕಾಲ. ಮೊದಲನೆಯವನು ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಧಾರವಾಡದಲ್ಲಿ ಗುಣವಾಗುತ್ತಾನೆ. ಎರಡನೆಯವನಿಗೆ ಬಸ್ಸಿಲ್ಲ. ಕನ್ನಡದಲ್ಲಿ ಇದಕ್ಕೆ ‘ಹಳಹಳಿಕೆ’ ಎಂಬ ಪದವಿದೆ. ನಮ್ಮ ಬಗ್ಗೆ ಅದನ್ನು ಹೇಳಿಕೊಳ್ಳಲು ಮಾತ್ರ ನಾಚಿಕೆ.

ಇದು ಬರೀ ನಿಘಂಟಿನ ಜಗಳವಾಗಿದ್ದರೆ ಸುಮ್ಮನಿರುತ್ತಿದ್ದೆ. ಕಳೆದ ವರ್ಷ ಅವ್ವ ಫೋನ್ ಮಾಡಿ, ಹಿಂದೆ ದನ ಕಟ್ಟುತ್ತಿದ್ದ ಜಾಗದಲ್ಲಿ ಸಂಡಾಸು ಕಟ್ಟಿಸುತ್ತೇನೆ, ಮೊಣಕಾಲು ನೋವು, ರಾತ್ರಿ ಹಿತ್ತಲಿಗೆ ಹೋಗಲಾಗುವುದಿಲ್ಲ ಎಂದಳು. ‘ಬ್ಯಾಡವ್ವ, ಹಳೇ ಮನಿ ಹಂಗ ಇರಲಿ. ಅದನ್ನ ನೋಡಾಕ ಅಲ್ಲೇನ ನಾ ಬರೂದು?’ ಎಂದೆ. ಊರಿನ ಮೇಲಿನ ಪ್ರೀತಿಯಿಂದ ಹೇಳಿದೆ ಎಂದೇ ತಿಳಿದಿದ್ದೆ.

‘ನೀ ವರ್ಷಕ್ಕ ಎರಡು ದಿನ ಬರ್ತಿ. ಉಳಿದ ದಿನ ಈ ಮನ್ಯಾಗ ಇರಾಕಿ ನಾನು’ ಎಂದಳು ಅವ್ವ.

ನಾನು ಕಾಪಾಡಲು ಹೊರಟಿದ್ದು ನನ್ನ ಹತ್ತನೆಯ ವಯಸ್ಸನ್ನು. ನೋವು ಮಾತ್ರ ಅವ್ವನ ಮೊಣಕಾಲಿಗೆ.

ನಮ್ಮ ಬರಹಗಳನ್ನೇ ನೋಡಿ. ಕಟ್ಟಿಗೆ ಒಲೆ, ಲಾಟೀನಿನ ಬೆಳಕು, ಮಣ್ಣಿನ ರಸ್ತೆ. ಒಲೆ ಊದಿದವರ ಕಣ್ಣುರಿ ಅವುಗಳಲ್ಲಿಲ್ಲ. ಗ್ಯಾಸು ಬಂತು, ರಸ್ತೆಗೆ ಡಾಂಬರು ಬಿತ್ತು ಎಂದರೆ ‘ಊರು ಕೆಟ್ಟಿತು’ ಎಂದು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಿಂತು ಮರುಗುತ್ತೇವೆ. ನೆನೆಯುವುದೂ ತಪ್ಪೇ ಎಂದು ನೀವು ಕೇಳಬಹುದು. ತಪ್ಪಲ್ಲ, ನಾನೂ ನೆನೆಯುತ್ತೇನೆ. ಆದರೆ ಕಳೆದ ಕಾಲದ ಹಂಬಲಕ್ಕೆ ಊರಿನ ಪ್ರೀತಿ ಎಂದು ಹೆಸರಿಟ್ಟು ಅಲ್ಲಿ ಬದುಕುವವರ ಮೇಲೆ ಹಕ್ಕು ಚಲಾಯಿಸುವುದು ತಪ್ಪು.

ಅವ್ವ ಸಂಡಾಸು ಕಟ್ಟಿಸಿದಳು. ಈ ಸಲ ಹೋದಾಗ ದನದ ಜಾಗ ಕಾಣದೆ ಹೊಟ್ಟೆಯಲ್ಲಿ ಸಂಕಟವಾದದ್ದು ನಿಜ. ಅದು ನಾಸ್ಟಾಲ್ಜಿಯಾ, ನನ್ನದು, ನಾನೇ ಅನುಭವಿಸಬೇಕಾದದ್ದು. ಮರುದಿನ ಪುಣೆಯ ಬಸ್ಸು ಹತ್ತಿದ ಮೇಲೆ ಅವ್ವನನ್ನು ಇನ್ನೆರಡು ದಿನ ನೋಡಬೇಕಿತ್ತು ಅನ್ನಿಸಿತಲ್ಲ, ಅದು ಹೋಮ್‌ಸಿಕ್. ಅದಕ್ಕೆ ಮುಂದಿನ ತಿಂಗಳ ಟಿಕೆಟ್ ತೆಗೆಸಿದ್ದೇನೆ.