ಬಿಚ್ಚಿಟ್ಟರಷ್ಟೇ ಆಟ

ಕಳೆದ ಆಷಾಢದಲ್ಲಿ ಅಮೆರಿಕದಿಂದ ರಜೆಗೆಂದು ಬಂದ ತಂಗಿಯ ಮಗಳು ನಮ್ಮ ಮನೆಗೊಂದು ಪೆಟ್ಟಿಗೆ ತಂದಳು. ಒಳಗೆ ರಟ್ಟಿನ 500 ಚೂರುಗಳು. ಜಿಗ್‌ಸಾ ಪಜಲ್. ನಾವು ಕಂಡಿದ್ದ ಮಕ್ಕಳ ಪಜಲ್‌ಗಳಲ್ಲಿ ಆನೆಯೋ ರೈಲೋ ಇರುತ್ತಿತ್ತು. ಇದರಲ್ಲಿ ಚಿತ್ರವೆಂಬುದೇ ಇರಲಿಲ್ಲ. ಒಂದು ಅಂಚಿನ ಕಡುನೀಲಿ ಇನ್ನೊಂದು ಅಂಚಿನ ಕಿತ್ತಳೆಗೆ ಮೆಲ್ಲಮೆಲ್ಲನೆ ತಿರುಗುತ್ತ ಹೋಗುವ ಬರೀ ಬಣ್ಣ. “ಇದು ದೊಡ್ಡವರದು ಮಾವ, ಈಗ ಅಲ್ಲಿ ಎಲ್ಲರ ಮನೆಯಲ್ಲೂ ಇದೇ” ಎಂದಳು.

ಮಳೆ ಹಿಡಿದುಕೊಂಡಿತ್ತು. ಮೂರು ದಿನದಿಂದ ಕರೆಂಟಿರಲಿಲ್ಲ. ಜಗಲಿಯ ಮೇಲೆ ಹಳೆಯ ಬಾಗಿಲ ಹಲಗೆಯೊಂದನ್ನು ಹಾಸಿ ಚೂರುಗಳನ್ನು ಹರಡಿದೆವು. ಎಂಜಿನಿಯರಿಂಗ್ ಓದುವ ಮಗ ಮೊದಲ ದಿನವೇ ಸೋತು ಕೈಬಿಟ್ಟ. ಗೆದ್ದವರು ಬೇರೆಯೇ. ಸುಗ್ಗಿಯಲ್ಲಿ ನಮ್ಮಲ್ಲಿ ಅಡಿಕೆ ಆರಿಸಲು ಬರುವ ಹಿರಿಯಾಕೆಯೊಬ್ಬರು ಮಳೆಗೆ ನಿಂತವರು ಹಲಗೆಯ ಪಕ್ಕ ಕುಳಿತರು. ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಐವತ್ತು ವರ್ಷ ಅಡಿಕೆಯ ಬಣ್ಣವನ್ನು ಕಣ್ಣಳತೆಯಲ್ಲೇ ಬೇರ್ಪಡಿಸಿದ ಕೈ ಅದು. ನಮಗೆಲ್ಲ ಒಂದೇ ನೀಲಿಯಾಗಿ ಕಂಡದ್ದರಲ್ಲಿ ಅವರು ಏಳು ನೀಲಿಗಳನ್ನು ಗುಡ್ಡೆ ಹಾಕಿದರು. “ಇದೂ ಆರಿಸೂ ಕೆಲಸವೇ, ಕೂಲಿ ಎಷ್ಟು ಕೊಡ್ತೀರಿ ಹೇಳಿ” ಎಂದು ನಕ್ಕರು. ಒಂಬತ್ತನೆಯ ದಿನಕ್ಕೆ ಚಿತ್ರ ಪೂರ್ಣವಾಯಿತು. ಅಷ್ಟರಲ್ಲಿ ಆ ಹಲಗೆಯ ಸುತ್ತ ಕುಳಿತೆದ್ದವರು ಹದಿನಾಲ್ಕು ಮಂದಿ.

ಕಾಡು, ನದಿ, ಗಣಿಗಳ ಬಗ್ಗೆ ಬರೆಯಬೇಕಾದ ಈ ಪುಟಗಳಲ್ಲಿ ಪರದೇಶದ ಆಟದ ಸಾಮಾನಿನ ಕಥೆ ಏಕೆಂದು ಓದುಗ ಮಿತ್ರರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಈ ಆಟದ ಚರಿತ್ರೆಯನ್ನು ಓದುತ್ತ ಹೋದಂತೆ, ಒಂದು ವಸ್ತುವನ್ನು ಬಳಸುವುದಕ್ಕೂ ಮುಗಿಸುವುದಕ್ಕೂ ಇರುವ ಅಂತರ ಇಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣದೆಂದು ನನಗನ್ನಿಸಿದೆ.

ಜಿಗ್‌ಸಾದ ಹುಟ್ಟನ್ನು ಸಾಮಾನ್ಯವಾಗಿ ಲಂಡನ್ನಿನ ನಕ್ಷೆ ಕೆತ್ತನೆಗಾರ ಜಾನ್ ಸ್ಪಿಲ್ಸ್‌ಬರಿಯಿಂದ ಎಣಿಸುತ್ತಾರೆ. 1760ರ ದಶಕದಲ್ಲಿ ಆತ ಭೂಪಟಗಳನ್ನು ತೆಳುವಾದ ಮಹಾಗನಿ ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಗುಂಟ ಕೊಯ್ದು, ಸಿರಿವಂತರ ಮಕ್ಕಳಿಗೆ ಭೂಗೋಳ ಕಲಿಸಲೆಂದು ಮಾರಿದ. ಮೂರನೆಯ ಜಾರ್ಜ್ ದೊರೆಯ ಮಕ್ಕಳೂ ಇಂಥ ಕೊಯ್ದ ನಕ್ಷೆಗಳಿಂದಲೇ ಪಾಠ ಕಲಿತರು. ಆ ಕಾಲದ ಇಂಗ್ಲೆಂಡಿಗೆ ಮಹಾಗನಿ ಬಹುಪಾಲು ಬರುತ್ತಿದ್ದುದು ಜಮೈಕಾದಿಂದ. ಕಡಿದವರು ಗುಲಾಮರು. ಪೀಠೋಪಕರಣದ ಆ ಹುಚ್ಚಿಗೆ ದ್ವೀಪದ ಮಹಾಗನಿ ಕಾಡುಗಳು ಕೆಲವೇ ದಶಕಗಳಲ್ಲಿ ಬರಿದಾದವು. ಅದಾಗಿ ಎರಡು ಶತಮಾನಗಳು ಕಳೆದ ಮೇಲೆ, 1992ರಲ್ಲಿ, ಆ ಜಾತಿಯ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂತು. ಕಾಡು ಕರಗಿಸಿದ್ದು ಪಜಲ್ ಅಲ್ಲ, ಮೇಜು ಕುರ್ಚಿಗಳು. ಆದರೂ ಭೂಪಟವನ್ನು ಜೋಡಿಸುತ್ತಿದ್ದ ರಾಜಕುಮಾರನ ಬೆರಳ ಕೆಳಗೆ ಇದ್ದದ್ದು ಆ ಭೂಪಟದಲ್ಲೊಂದು ಚುಕ್ಕೆಯಾಗಿದ್ದ ದ್ವೀಪದ ಮರವೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ದೊಡ್ಡವರ ಕೈಗೆ ಇದು ಬಂದದ್ದು 20ನೆಯ ಶತಮಾನದ ಆರಂಭದಲ್ಲಿ. 1908ರ ಸುಮಾರಿಗೆ ಅಮೆರಿಕದಲ್ಲಿ ಮರದ ಪಜಲ್‌ಗಳ ಗೀಳು ಹಬ್ಬಿತು. 500 ಚೂರಿನ ಪಜಲ್ ಒಂದಕ್ಕೆ 5 ಡಾಲರ್ ಬೆಲೆ, ಸಾಧಾರಣ ದುಡಿಮೆಗಾರನ ತಿಂಗಳ ಗಳಿಕೆ 50 ಡಾಲರ್. ಉಳ್ಳವರ ಆಟವಾಗಿಯೇ ಉಳಿಯಬೇಕಿದ್ದ ಇದನ್ನು ಬಡವರ ಮನೆಗೆ ತಲುಪಿಸಿದ್ದು 1930ರ ದಶಕದ ಮಹಾ ಆರ್ಥಿಕ ಕುಸಿತ. ಕೆಲಸ ಕಳೆದುಕೊಂಡ ಬಡಗಿಗಳು, ವಾಸ್ತುಶಿಲ್ಪಿಗಳು ಮನೆಯಲ್ಲೇ ಗರಗಸ ಹಿಡಿದು ಪಜಲ್ ಕೊಯ್ದರು. ಔಷಧಿ ಅಂಗಡಿಗಳೂ ಬಾಡಿಗೆ ಗ್ರಂಥಾಲಯಗಳೂ ಪುಸ್ತಕ ಕೊಡುವಂತೆ ಅವನ್ನು ಬಾಡಿಗೆಗೆ ಕೊಟ್ಟವು. ಉಕ್ಕಿನ ಅಚ್ಚಿನಲ್ಲಿ ಒಮ್ಮೆಲೇ ಒತ್ತಿ ಕತ್ತರಿಸಿದ ರಟ್ಟಿನ ಪಜಲ್‌ಗಳು 25 ಸೆಂಟಿಗೆ ವಾರಕ್ಕೊಂದರಂತೆ ಪತ್ರಿಕೆ ಮಾರುವ ಕಟ್ಟೆಗೆ ಬಂದವು. 1933ರ ಆರಂಭದಲ್ಲಿ ವಾರವೊಂದಕ್ಕೆ ಒಂದು ಕೋಟಿ ಪಜಲ್‌ಗಳು ಮಾರಾಟವಾಗುತ್ತಿದ್ದವೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಕೈಯಲ್ಲಿ ಕೆಲಸವಿಲ್ಲದವನಿಗೆ ಕೆಲಸವೊಂದು ಮುಗಿಯುವುದನ್ನು ಕಾಣುವ ಭಾಗ್ಯ ಅಷ್ಟು ಅಗ್ಗಕ್ಕೆ ಇನ್ನೆಲ್ಲಿ ದೊರಕೀತು? ಒಂದು ಮನೆ ಜೋಡಿಸಿ ಬಿಚ್ಚಿದ್ದನ್ನು ಪಕ್ಕದ ಮನೆ ಜೋಡಿಸುತ್ತಿತ್ತು.

ಅದೇ 1933ರಲ್ಲಿ ಬ್ರಿಟನ್ನಿನಲ್ಲಿ ಜಿಗ್‌ಸಾಗಳಿಗೆಂದೇ ಒಂದು ಗ್ರಂಥಾಲಯ ಹುಟ್ಟಿತು. ಸದಸ್ಯರಿಗೆ ಮರದ ಪಜಲ್‌ಗಳನ್ನು ಅಂಚೆಯಲ್ಲಿ ಕಳುಹಿಸಿ ಹಿಂದೆ ಪಡೆಯುವುದು ಅದರ ಕ್ರಮ. ಪೆಟ್ಟಿಗೆಯಲ್ಲಿ ಮಾದರಿ ಚಿತ್ರ ಇರುವುದಿಲ್ಲ. ಏನು ಮೂಡುತ್ತದೆಂದು ಜೋಡಿಸಿದ ಮೇಲೆಯೇ ತಿಳಿಯಬೇಕು. ನನಗೆ ಇದಕ್ಕಿಂತ ಸೊಗಸಾದ ಪಜಲ್ ಬೇರೊಂದಿಲ್ಲ.

ಸೊಗಸೆಂದ ಮೇಲೆ ಇಂದಿನ ಮಾತಿಗೆ ಬರಬೇಕು. 1964ರಲ್ಲಿ ಸ್ಪ್ರಿಂಗ್‌ಬಾಕ್ ಎಂಬ ಅಮೆರಿಕದ ಕಂಪನಿ ಜಾಕ್ಸನ್ ಪೊಲಾಕ್‌ನ ‘ಕನ್ವರ್ಜೆನ್ಸ್’ ಎಂಬ ಕಲಾಕೃತಿಯನ್ನು, ಅಂದರೆ ಎತ್ತಣಿಂದ ನೋಡಿದರೂ ಬಣ್ಣ ಎರಚಿದಂತೆ ಕಾಣುವ ಚಿತ್ರವನ್ನು, ಪಜಲ್ ಮಾಡಿ ಲೋಕದಲ್ಲೇ ಅತಿ ಕಠಿಣವೆಂದು ಮಾರಿತು. ಹಳ್ಳಿಯ ಗಿರಣಿ, ಬೆಕ್ಕಿನ ಮರಿಗಳಿಂದ ಈ ಆಟ ಕಲಾಶಾಲೆಯ ಗೋಡೆಗೆ ಏರಿದ್ದು ಹೀಗೆ. ಇಂದು ನರ್ವಸ್ ಸಿಸ್ಟಮ್ ಎಂಬ ಅಮೆರಿಕದ ವಿನ್ಯಾಸ ಕಾರ್ಯಾಗಾರದವರು ಪ್ರಕೃತಿಯಲ್ಲಿ ಹರಳು ಬೆಳೆಯುವ, ಹವಳ ಕವಲೊಡೆಯುವ ಕ್ರಮವನ್ನು ಕಂಪ್ಯೂಟರಿನಲ್ಲಿ ಅನುಕರಿಸಿ, ಲೇಸರ್ ಕಿರಣದಿಂದ ಪ್ಲೈವುಡ್ ಕೊಯ್ಯುತ್ತಾರೆ. ಅವರ ಒಂದು ಪಜಲ್‌ಗೆ ಅಂಚೇ ಇಲ್ಲ. ಎಡತುದಿಯ ಚೂರನ್ನು ಕಿತ್ತು ಬಲಕ್ಕೆ ಜೋಡಿಸುತ್ತ ಎತ್ತ ಬೇಕಾದರೂ ಬೆಳೆಸಬಹುದು. ನೋಡಿದರೆ ಮೆಚ್ಚಲೇಬೇಕು. ವರ್ಮಾಂಟ್ ಎಂಬ ಗುಡ್ಡಗಾಡು ರಾಜ್ಯದಲ್ಲಿ 1974ರಿಂದ ಸ್ಟೇವ್ ಕಂಪನಿಯವರು ಕೈಯಿಂದಲೇ ಕೊಯ್ದು ಮಾರುವ ಮರದ ಪಜಲ್‌ಗಳಿಗೆ ನೂರಾರು, ಕೆಲವಕ್ಕೆ ಸಾವಿರಾರು ಡಾಲರ್ ಬೆಲೆ. ಅದು ಕುಶಲಕರ್ಮಿಯ ಕೂಲಿ. ಅದರ ಬಗ್ಗೆಯೂ ನನಗೆ ತಕರಾರಿಲ್ಲ.

ನನ್ನ ತಕರಾರು ಬೇರೆ. 2020ರ ಕೊರೋನಾ ಕಾಲದಲ್ಲಿ ಮನೆಯೊಳಗೆ ಸಿಕ್ಕಿಬಿದ್ದ ಪಶ್ಚಿಮದ ಜನ ಪಜಲ್‌ಗಳಿಗೆ ಮುಗಿಬಿದ್ದು ತಯಾರಕರ ದಾಸ್ತಾನೇ ಬರಿದಾಯಿತು. ಆಮೇಲೆ ಈ ಆಟ ಮನೆ ಅಲಂಕಾರದ ವಸ್ತುಗಳ ಸಾಲಿಗೆ ಇನ್ನಷ್ಟು ಸರಿಯಿತು. ಸೋಫಾದ ಬಣ್ಣಕ್ಕೆ ಹೊಂದುವ ಪೆಟ್ಟಿಗೆ, ಋತುವಿಗೊಂದು ಹೊಸ ಸಂಗ್ರಹ, ಮೊಬೈಲಿನಿಂದ ಬಿಡುಗಡೆ ಕೊಡುತ್ತೇವೆಂಬ ಜಾಹೀರಾತು. ಕೆಲವು ಪೆಟ್ಟಿಗೆಗಳಲ್ಲಿ ಚೂರುಗಳೊಂದಿಗೆ ಅಂಟಿನ ಬಾಟಲಿಯೂ ಬರುತ್ತದೆ. ಜೋಡಿಸಿ, ಅಂಟಿಸಿ, ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿ ಎಂಬುದು ಸೂಚನೆ.

ಈ ಅಂಟಿನ ಬಾಟಲಿಯನ್ನು ಸ್ವಲ್ಪ ಯೋಚಿಸಿ ನೋಡಬೇಕು. ಜಿಗ್‌ಸಾಕ್ಕೆ ಬ್ಯಾಟರಿ ಬೇಡ, ಕರೆಂಟು ಬೇಡ, ಸವೆಯುವ ಯಂತ್ರವಿಲ್ಲ. ಒದ್ದೆಯಾಗದಂತೆ ನೋಡಿಕೊಂಡರೆ ರಟ್ಟಿನದೂ ದಶಕಗಟ್ಟಲೆ ಬಾಳುತ್ತದೆ. ಹತ್ತು ಮನೆ ಆಡಿದರೂ ಹನ್ನೊಂದನೆಯ ಮನೆಗೆ ಅದು ಹೊಸದೇ. ಇಂಥ ವಸ್ತು ಮಾರುಕಟ್ಟೆಗೆ ದೊಡ್ಡ ತೊಡಕು. ಮುಗಿಯದ ವಸ್ತುವನ್ನು ಮತ್ತೆ ಮತ್ತೆ ಮಾರುವುದು ಹೇಗೆ? ಅಂಟು ಹಾಕಿದೊಡನೆ ಆಟ ಮುಗಿದು, ಆ ಮನೆ ಇನ್ನೊಂದನ್ನು ಕೊಳ್ಳಬೇಕಾಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಅಂಟಿಸುವವರಿದ್ದಾರೆಂದು ಬಲ್ಲೆ. ಒಂಬತ್ತು ದಿನ ದುಡಿದದ್ದನ್ನು ಒಂದು ನಿಮಿಷದಲ್ಲಿ ಕೆಡವಲು ನನಗೂ ಕೈ ನಡುಗಿತು.

ಮರದ್ದಾದರೆ ಪರಿಸರಕ್ಕೆ ಒಳ್ಳೆಯದು, ಮರುಬಳಕೆಯ ರಟ್ಟಾದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕವನ್ನು ಪೆಟ್ಟಿಗೆಯ ಮೇಲೆ ಅಚ್ಚು ಮಾಡಿರುತ್ತಾರೆ. ಆ ಲೆಕ್ಕ ಅರ್ಧದ್ದು. ಒಂದೇ ಮನೆ ಒಮ್ಮೆ ಆಡಿ ಕಪಾಟಿಗೆ ಸೇರಿಸಿದ ‘ಹಸಿರು’ ಪಜಲ್‌ಗಿಂತ ನಲವತ್ತು ಕೈ ದಾಟಿದ ಹಳೆಯ ರಟ್ಟಿನ ಪಜಲ್ ಕಾಡಿಗೆ ಹಗುರ. ಟಿಮ್ ಕ್ಲೈನ್ ಎಂಬ ಅಮೆರಿಕದ ಕಲಾವಿದನದು ಇನ್ನೊಂದು ದಾರಿ. ಒಂದೇ ಅಚ್ಚಿನಲ್ಲಿ ಒತ್ತಿದ ಬೇರೆ ಬೇರೆ ಚಿತ್ರಗಳ ಚೂರುಗಳು ಒಂದಕ್ಕೊಂದು ಕೂಡುತ್ತವೆ ಎಂಬುದನ್ನೇ ಬಳಸಿ, ಆತ ಹಳೆಯ ಪಜಲ್‌ಗಳನ್ನು ಬೆರೆಸಿ ಯಾರೂ ಕಾಣದ ಚಿತ್ರಗಳನ್ನು ಮಾಡುತ್ತಾನೆ.

ನಮ್ಮ ಬಳಗದ ಮುಂದೆ ಒಂದು ಸಣ್ಣ ಸಲಹೆಯಿಡುತ್ತೇನೆ. ಹೊರದೇಶದಲ್ಲಿರುವ ಮಕ್ಕಳು ತಂದ ಇಂಥ ಪೆಟ್ಟಿಗೆಗಳು ನಮ್ಮ ಹಲವು ಮನೆಗಳ ಅಟ್ಟದಲ್ಲಿವೆ. ಅವನ್ನು ಶಾಲೆಯ ಅಥವಾ ಸಹಕಾರಿ ಸಂಘದ ಒಂದು ಕಪಾಟಿನಲ್ಲಿಟ್ಟು, ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದು ಕೊಡುವ ಕ್ರಮ ಮಾಡಿದರೆ ಮಳೆಗಾಲಕ್ಕೆ ಆಟ ಸಾಕು. ಪೆಟ್ಟಿಗೆ ಇಲ್ಲದವರು ಹಳೆಯ ಕ್ಯಾಲೆಂಡರಿನ ಚಿತ್ರವನ್ನು ದಪ್ಪ ರಟ್ಟಿಗೆ ಅಂಟಿಸಿ ಬ್ಲೇಡಿನಲ್ಲಿ ಕೊಯ್ಯಬಹುದು. ನೇರ ಕೊಯ್ದ ಚೂರುಗಳು ಒಂದನ್ನೊಂದು ಕಚ್ಚುವುದಿಲ್ಲ, ಸೀನಿದರೆ ಚದುರುತ್ತವೆ. 1908ರವೂ ಬಹುಮಟ್ಟಿಗೆ ಹಾಗೆಯೇ ಇದ್ದವು.

ತಂಗಿಯ ಮಗಳು ಅಂಟಿಸೋಣವೆಂದೇ ಹಟ ಹಿಡಿದಿದ್ದಳು. ಅಡಿಕೆ ಆರಿಸುವ ಹಿರಿಯಾಕೆ ಒಪ್ಪಲಿಲ್ಲ. ಅವರ ಮೊಮ್ಮಗಳು ಅದನ್ನು ಇನ್ನೂ ಆಡಿರಲಿಲ್ಲ. ಬಿಚ್ಚಿ ಪೆಟ್ಟಿಗೆ ತುಂಬಿದೆವು. ಅದು ಆ ಮನೆಗೆ, ಅಲ್ಲಿಂದ ಶಾಲೆಗೆ, ಅಲ್ಲಿಂದ ಹೊಳೆಯಾಚೆಗಿನ ಎರಡು ಮನೆಗಳಿಗೆ ಹೋಗಿ ದೀಪಾವಳಿಯ ಹೊತ್ತಿಗೆ ಹಿಂತಿರುಗಿತು. ನೀಲಿಯ ಒಂದು ಚೂರು ಎಲ್ಲೋ ಕಳೆದುಹೋಗಿದೆ. ಆ ಜಾಗಕ್ಕೆ ಯಾರೋ ಹುಡುಗ ಅಡಿಕೆ ಹಾಳೆಯನ್ನು ಅದೇ ಆಕಾರಕ್ಕೆ ಕತ್ತರಿಸಿ ಕೂರಿಸಿದ್ದಾನೆ. ಬಣ್ಣ ಹಚ್ಚಿಲ್ಲ, ಆದರೆ ಸರಿಯಾಗಿ ಕೂಡುತ್ತದೆ.