ಶಿಲೆಗೆ ಕಾವಲಿದೆ, ಬೀಜಕ್ಕೆ?

ಜೀವವೈವಿಧ್ಯ ಎಂದೊಡನೆ ಪಟ್ಟಣವಾಸಿಗಳ ಕಣ್ಣ ಮುಂದೆ ಬರುವುದು ಬಂಡೀಪುರದ ಹುಲಿ ಮತ್ತು ಪಶ್ಚಿಮ ಘಟ್ಟದ ದಟ್ಟಾರಣ್ಯ. ಹಾಗಾದರೆ ಕಾಡು ವಿರಳವಾದ ಕೊಪ್ಪಳ ಜಿಲ್ಲೆಗೂ ಈ ವಿಷಯಕ್ಕೂ ಏನು ಸಂಬಂಧ?

ಈಗ ಕುಕನೂರು ತಾಲೂಕಿನಲ್ಲಿರುವ ಇಟಗಿಯನ್ನೇ ನೋಡಿ. 1112ರಲ್ಲಿ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ದೇಗುಲವನ್ನು ಅಲ್ಲಿನ ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಬಣ್ಣಿಸುತ್ತದೆ. ಅದು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ, ಇರಲೇಬೇಕು. ಆದರೆ ಆ ದೇಗುಲದ ಸುತ್ತಲಿನ ಎರೆಭೂಮಿಯಲ್ಲಿ ಅದಕ್ಕಿಂತಲೂ ಹಳೆಯದಾದ ಒಂದು ಪರಂಪರೆಯಿದೆ. ಅದಕ್ಕೆ ಯಾವ ಕಾವಲೂ ಇಲ್ಲ. ಬಿಳಿಜೋಳದ ಹೊಲದಲ್ಲಿ ಕಡಲೆ, ಅಗಸೆ, ಅಂಚಿಗೆ ಮುಳ್ಳಿನ ಕುಸುಬೆ. ಮುಂಗಾರಿನಲ್ಲಿ ಸಜ್ಜೆಯ ನಡುವೆ ತೊಗರಿಯ ಅಕ್ಕಡಿ ಸಾಲು. ತೊಗರಿಯ ಬೇರು ಆಳಕ್ಕಿಳಿದು ತೇವ ಹುಡುಕುತ್ತದೆ, ಮಣ್ಣಿಗೆ ಸಾರಜನಕ ಕೊಡುತ್ತದೆ. ಕುಸುಬೆಯ ಮುಳ್ಳು ದನಗಳನ್ನು ತಡೆಯುತ್ತದೆ. ಮಳೆ ಕೈಕೊಟ್ಟು ಒಂದು ಬೆಳೆ ಸೋತರೂ ಇನ್ನೊಂದು ಮನೆಮಂದಿಯ ಹೊಟ್ಟೆ ತುಂಬಿಸುತ್ತದೆ. ಒಣಭೂಮಿಯ ರೈತನಿಗೆ ಇದೇ ಬೆಳೆ ವಿಮೆ. ಇದಕ್ಕೆ ಕಂತು ಕಟ್ಟಬೇಕಿಲ್ಲ, ಕಚೇರಿ ಅಲೆಯಬೇಕಿಲ್ಲ.

ಅದೇ ಜಿಲ್ಲೆಯ ಗಂಗಾವತಿಯ ಚಿತ್ರ ಬೇರೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಅದು ಭತ್ತದ ಕಣಜವಾಯಿತು. ಅಕ್ಕಿ ಗಿರಣಿಗಳು ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟವು; ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ವರ್ಷಕ್ಕೆರಡು ಬಾರಿ ಒಂದೇ ಬೆಳೆ, ಅದರ ಬೆನ್ನಿಗೆ ಜಿಗಿಹುಳು, ಕೀಟನಾಶಕ, ಜೊತೆಗೆ ಜವುಳು ಹಿಡಿದು ಸವಳಾದ ಭೂಮಿ. ಒಂದೇ ತಳಿಯನ್ನು ನೆಚ್ಚಿದವರ ಗತಿಯೇನೆಂಬುದನ್ನು 1845ರಿಂದಾಚೆಗೆ ಐರ್ಲೆಂಡ್ ತೋರಿಸಿದೆ. ಆಲೂಗಡ್ಡೆಗೆ ತಗುಲಿದ ಅಂಗಮಾರಿ ರೋಗ ತಂದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಭತ್ತಕ್ಕೂ ಅಂತಹ ಗಂಡಾಂತರ ಬಂದಿತ್ತು. 1970ರ ದಶಕದಲ್ಲಿ ಏಷ್ಯಾದ ಗದ್ದೆಗಳನ್ನು ನಂಜುರೋಗ ಕಾಡಿದಾಗ, ಸಾವಿರಾರು ತಳಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ರೋಗನಿರೋಧಕ ಗುಣ ಸಿಕ್ಕಿದ್ದು ಉತ್ತರ ಪ್ರದೇಶದ ಒಂದು ಕಾಡುಭತ್ತದಲ್ಲಿ. ಕಳೆ ಎಂದು ಯಾರಾದರೂ ಅದನ್ನು ಆಗಲೇ ಕಿತ್ತೆಸೆದಿದ್ದರೆ?

ಬೆಳೆ ಬೆಳೆಯದ ನೆಲವೆಲ್ಲ ಬಂಜರು ಎಂಬ ಸರಕಾರಿ ಭಾಷೆಯೂ ಬದಲಾಗಬೇಕಾಗಿದೆ. ಗಂಗಾವತಿ ತಾಲೂಕಿನ ಬಂಕಾಪುರದ ಕುರುಚಲು ಕಾಡು ಈಗ ತೋಳಗಳ ಧಾಮವಾಗಿದೆ. ತುಂಗಭದ್ರೆಯ ನೀರುನಾಯಿಗಳಿಗಾಗಿ 2015ರಲ್ಲೇ ನದಿಯ ಒಂದು ಭಾಗವನ್ನು ಮೀಸಲಿಡಲಾಗಿದೆ. ಪ್ರಾಣಿಗಳಿಗೆ ಇಷ್ಟಾದರೂ ಆಯಿತು.

ಬೀಜಗಳ ವಿಷಯದಲ್ಲಿ ಕಾನೂನಿಗೇನೂ ಕೊರತೆಯಿಲ್ಲ. 1992ರ ರಿಯೋ ಒಪ್ಪಂದದ ಫಲವಾಗಿ 2002ರಲ್ಲಿ ಜೀವವೈವಿಧ್ಯ ಕಾಯ್ದೆ ಬಂತು. ಅದರಂತೆ ಪ್ರತಿ ಗ್ರಾಮ ಪಂಚಾಯತಿ ಮಾತ್ರವಲ್ಲ, ಪುರಸಭೆ, ನಗರಸಭೆಗಳೂ ನಿರ್ವಹಣಾ ಸಮಿತಿ ರಚಿಸಿ, ಊರಿನ ತಳಿ, ಗಿಡಮೂಲಿಕೆ, ಜಾನುವಾರುಗಳ ದಾಖಲಾತಿ ಪುಸ್ತಕ ಸಿದ್ಧಪಡಿಸಬೇಕು. ನಿಮ್ಮ ಊರಿನ ಪುಸ್ತಕವನ್ನು ನೀವು ಕಂಡಿದ್ದೀರಾ? ಸಮಿತಿಯ ಸದಸ್ಯರಾರೆಂಬುದಾದರೂ ಗೊತ್ತೇ? ರಸ್ತೆ, ಚರಂಡಿಗಾಗಿ ಸದಸ್ಯರ ಮನೆ ಬಾಗಿಲು ತಟ್ಟುವ ನಾವು ಇದನ್ನು ಒಮ್ಮೆಯೂ ಕೇಳಿಲ್ಲ.

ಯಾವ ಜೋಳ ರೊಟ್ಟಿಗೆ, ಯಾವುದು ಸೀತನಿಗೆ, ಬೇವಿನೆಲೆಯೊಡನೆ ಬೂದಿ ಬೆರೆಸಿದ ಮಡಕೆಯಲ್ಲಿ ಯಾವ ಕಾಳು ಹುಳು ಹಿಡಿಯದೆ ಉಳಿಯುತ್ತದೆ ಎಂಬ ತಿಳಿವಳಿಕೆ ಈಗಲೂ ಹಳ್ಳಿಯ ಹಿರಿಯ ಹೆಣ್ಣುಮಕ್ಕಳಲ್ಲಿದೆ. ಆ ಪುಸ್ತಕದ ಮೊದಲ ಪುಟಗಳನ್ನು ಅವರ ಜಗಲಿಯಲ್ಲಿ ಕುಳಿತೇ ಬರೆಯಬೇಕು, ಅದೂ ಈ ಸುಗ್ಗಿಯಲ್ಲೇ.