ಕುಕ್ಕರ್ ಗ್ಯಾಸ್ಕೆಟ್ ನಮ್ದು, ನಲ್ಲಿ ವಾಷರ್ ಯಾರ್ದು?

ಅಕ್ಕಾರೆ, ಅತ್ತಿಗೇರೆ, ನೆಗೆಣ್ಣೇರೆ, ಈ ಸಲ ಒಂಚೂರು ಜಗಳಕ್ಕೇ ಬಂದೀನಿ. ನಮ್ ಗೋವಿನಕೋವಿಯಾಗೆ ಎಷ್ಟು ಅಡುಗೆಮನ್ಯಾಗೆ ನಲ್ಲಿ ಕೆಳಗೆ ಒಂದು ಪಾತ್ರೆ ಕಾಯಂ ಕುಂತಿರುತ್ತೆ, ನೋಡೀರಾ? ಕೆಲವ್ರು ನಲ್ಲಿ ಬಾಯಿಗೆ ಹಳೇ ಸೀರೆ ಚೂರು ಬ್ಯಾರೆ ಕಟ್ಟಿರ್ತಾರೆ. ಕೇಳಿದ್ರೆ ಒಂದೇ ಮಾತು: "ಅವ್ರಿಗೆ ಹೇಳೀನಿ, ಪುರುಸೊತ್ತಾದಾಗ ನೋಡ್ತಾರಂತೆ." ಆ ಪುರುಸೊತ್ತು ಯುಗಾದಿಗೂ ಬರಲ್ಲ, ದೀಪಾವಳಿಗೂ ಬರಲ್ಲ. ಗಂಡಸ್ರನ್ನ ಬೈಯೋದು ಸುಲಭ. ನಾನು ಬೈತಿರೋದು ಕಾಯ್ತಾ ಕುಂತಿರೋ ನಮ್ಮನ್ನೇ.

ಒಂದು ಮಾತು ಕೇಳ್ತೀನಿ. ಕುಕ್ಕರ್ ಸೀಟಿ ಹೊಡೀದೆ ಪಕ್ಕದಾಗೆ ಹಬೆ ಬಿಟ್ರೆ ಯಾರನ್ನ ಕರೀತೀರಿ? ಯಾರನ್ನೂ ಕರಿಯಲ್ಲ. ಗ್ಯಾಸ್ಕೆಟ್ ಸಡಿಲ ಆಗೈತೆ ಅಂತ ನೋಡಿದ ಕೂಡ್ಲೇ ತಿಳೀತದೆ, ಹೊಸದು ತರಿಸಿ ಹಾಕ್ತೀರಿ. ನಮ್ಮವ್ವಂದಿರು ಸೀಮೆಎಣ್ಣೆ ಸ್ಟೌವಿಗೆ ತಾವೇ ಬತ್ತಿ ಹಾಕ್ತಿದ್ರು, ಪಂಪ್ ಸ್ಟೌವಿಗೆ ತಾವೇ ಪಿನ್ನು ಹೊಡೀತಿದ್ರು. ಬೆಂಕಿ ಜೊತೆ ಗುದ್ದಾಡೋದು ಹೆಂಗಸ್ರ ಕೆಲಸ, ತಣ್ಣೀರು ಬರೋ ನಲ್ಲಿ ಮುಟ್ಟೋದು ಗಂಡಸ್ರ ಕೆಲಸ! ಇದ್ಯಾವ ನ್ಯಾಯ? ನಲ್ಲಿ ಒಳಗೆ ಇರೋದೂ ಒಂದು ರಬ್ಬರ್ ಬಿಲ್ಲೆನೇ. ಗ್ಯಾಸ್ಕೆಟ್‌ನ ತಂಗಿ ಅಂದ್ಕೊಳ್ರಿ. ಹಬೆ ತಡೆಯೋದು ಅಕ್ಕ, ನೀರು ತಡೆಯೋದು ತಂಗಿ.

"ಒಂದೊಂದು ಹನಿ ತಾನೆ, ಹೋಗ್ಲಿ ಬಿಡು" ಅನ್ನೋರಿಗೆ ಲೆಕ್ಕ ಹೇಳ್ತೀನಿ. ಸೋರೋ ನಲ್ಲಿ ಕೆಳಗೆ ಒಂದು ಲೀಟರಿನ ಚೆಂಬು ಇಡ್ರಿ, ಎಷ್ಟೊತ್ತಿಗೆ ತುಂಬುತ್ತೆ ನೋಡ್ರಿ. ತಾಸಿಗೆ ಒಂದು ಚೆಂಬು ತುಂಬಿದ್ರೆ ದಿನಕ್ಕೆ 24 ಲೀಟರು, ತಿಂಗಳಿಗೆ 720. 2019ರಾಗೆ ಶುರುವಾದ ಜಲಜೀವನ ಮಿಷನ್ ಲೆಕ್ಕದಾಗೆ ಹಳ್ಳಿಯಾಗೆ ಒಬ್ರಿಗೆ ದಿನಕ್ಕೆ 55 ಲೀಟರು. ಅಂದ್ರೆ ಒಬ್ರ ಪಾಲಿನಾಗೆ ಅರ್ಧದ ಹತ್ರ ಸುಮ್ನೆ ಬಚ್ಚಲಿಗೆ. 2023ರಾಗೆ ರಾಜ್ಯದ 236 ತಾಲ್ಲೂಕಿನಾಗೆ 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರವೇ ಘೋಷಣೆ ಮಾಡಿತ್ತು. ಆ ಬ್ಯಾಸಿಗೆ ಇಷ್ಟು ಲಗೂನ ಮರೆತ್ರಾ? ತುಂಗಭದ್ರೆ ಸೀಮೆಯೋರು ನಾವು ಅನ್ನೋ ಜಂಬ ನೀರು ಇಳಿದಾಗ ಕೆಲಸಕ್ಕೆ ಬರಲ್ಲ. ನೀರು ಬರದಿದ್ದಾಗ ಕೊಡ ಹೊತ್ಕೊಂಡು ಓಡೋರು ಯಾರು? ನಾವೇ. ಹೊರೋರು ನಾವಾದ್ರೆ ಉಳಿಸೋ ಅಧಿಕಾರನೂ ನಮ್ದೇ.

"ನಮ್ ಕೈಲಿ ಆಗಲ್ಲಪ್ಪ" ಅಂತೀರಲ್ಲ, 1990ರ ದಶಕದಾಗೆ ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಾಗೆ ಮಹಿಳಾ ಸಮಾಖ್ಯ ಅನ್ನೋ ಸರ್ಕಾರಿ ಯೋಜನೆ ಹಳ್ಳಿ ಹೆಂಗಸ್ರಿಗೆ ಕೈಪಂಪು ರಿಪೇರಿ ಕಲಿಸ್ತು. ಬೋರಿನಿಂದ ಭಾರದ ಪೈಪು ಮೇಲೆತ್ತಿ ರಿಪೇರಿ ಮಾಡಿದ್ರು ಅವ್ರು. ಅದೇ ಯೋಜನೆ ನಮ್ ಕರ್ನಾಟಕದಾಗೂ ಇತ್ತು. ಮುಂಬೈಯಾಗೆ ಆಬಿದ್ ಸುರ್ತಿ ಅನ್ನೋ ಚಿತ್ರಕಾರ, ಲೇಖಕ, 2007ರಿಂದ ಪ್ಲಂಬರ್ ಒಬ್ರನ್ನ ಕರ್ಕೊಂಡು ಮನೆಮನೆಗೆ ಹೋಗಿ ಪುಕ್ಕಟೆ ನಲ್ಲಿ ಸರಿಮಾಡಿಸಿದ್ರು. ಆ ದೊಡ್ಡ ಮನುಷ್ಯ ಸಣ್ಣ ವಾಷರನ್ನ ಸಣ್ಣ ಕೆಲಸ ಅನ್ಕೊಳ್ಳಲಿಲ್ಲ.

ಈಗ ಕೆಲಸ. ಮೊದ್ಲು ಟ್ಯಾಂಕಿನಿಂದ ಬರೋ ವಾಲ್ವು ಬಂದ್ ಮಾಡ್ರಿ, ನಲ್ಲಿ ತೆರೆದು ಇರೋ ನೀರು ಬಿಟ್ಬಿಡ್ರಿ. ಸಿಂಕಿನ ತೂತಿಗೆ ಒಂದು ಬಟ್ಟೆ ತುರುಕ್ರಿ, ಸ್ಕ್ರೂ ಬಿದ್ರೆ ಸಿಗಲ್ಲ. ಹಿಡಿಕೆ ಸ್ಕ್ರೂ ಬಿಚ್ಚಿ ಹಿಡಿಕೆ ತೆಗೀರಿ. ಅದರ ಕೆಳಗಿನ ದೊಡ್ಡ ನಟ್ಟಿಗೆ ಪಾನಾ ಹಾಕಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿಗೆ ತಿರುವ್ರಿ. ಇಡೀ ಕಡ್ಡಿ ಮೇಲೆ ಬರುತ್ತೆ, ಅದರ ತುದಿಯಾಗೆ ಸವೆದ ರಬ್ಬರ್ ವಾಷರ್ ಇರುತ್ತೆ. ತೆಗೆದು ಅದೇ ಅಳತೆದು ಹೊಸದು ಹಾಕ್ರಿ. ಅದು ಕೂರೋ ಜಾಗದಾಗೆ ಮರಳು, ಉಪ್ಪು ಕಟ್ಟಿದ್ರೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೀರಿ. ಬಿಚ್ಚಿದಂಗೇ ಹಿಂದಕ್ಕೆ ಕೂಡಿಸ್ರಿ. ಬಲ ಬಿಟ್ಟು ಬಿಗಿಬ್ಯಾಡ್ರಿ, ಪ್ಲಾಸ್ಟಿಕ್ ನಲ್ಲಿ ಆದ್ರೆ ಅಂತೂ ಬ್ಯಾಡವೇ ಬ್ಯಾಡ. ಕಾಲು ಸುತ್ತಿಗೆ ತೆರೆಯೋ ಹೊಸ ನಲ್ಲಿಯಾದ್ರೆ ಅದರಾಗೆ ವಾಷರ್ ಬದಲು ಕಾರ್ಟ್ರಿಜ್ ಇರುತ್ತೆ, ಅದನ್ನೇ ಬಿಚ್ಚಿ ಅಂಗಡಿಗೆ ಒಯ್ದು ಅಂಥದೇ ತರ್ರಿ. ನಲ್ಲಿ ಗೋಡೆಗೆ ಕೂಡೋ ಹತ್ರ ಒಸರಿದ್ರೆ ಅದು ಬ್ಯಾರೆ ರೋಗ: ನಲ್ಲಿ ಬಿಚ್ಚಿ, ಮರೆಗೆ ಟೆಫ್ಲಾನ್ ಟೇಪು ಸುತ್ತಿ ಕೂಡಿಸಬೇಕು.

"ಪ್ಲಂಬರ್ ಹೊಟ್ಟೆ ಮೇಲೆ ಹೊಡೀತೀಯಾ?" ಅಂತ ಒಬ್ರು ಕೇಳಿದ್ರು. ಒಂದು ವಾಷರಿಗೆ ಅಂತ ಯಾವ ಪ್ಲಂಬರೂ ಬೈಕ್ ಹತ್ತಿ ಬರಲ್ಲ ಅಂತ ಕಾದು ಕಾದು ಸಾಕಾದ ನಮಗೆ ಗೊತ್ತಿಲ್ವಾ? ಗೋಡೆ ಒಳಗಿನ ಪೈಪು ಒಡೆದ್ರೆ ಅವ್ರೇ ಬೇಕು. ಮೋಟ್ರು, ಗೀಸರ್, ಕರೆಂಟಿನ ಕೆಲಸಕ್ಕೆ ಕೈ ಹಾಕ್ರಿ ಅಂತಾನೂ ನಾ ಹೇಳ್ತಿಲ್ಲ. ಅವ್ರ ಕೆಲಸ ಅವ್ರಿಗಿರ್ಲಿ, ನಮ್ ಅಡುಗೆಮನೆ ನಮಗಿರ್ಲಿ.

ಇನ್ನೊಂದು ಮಾತು. ಹೆಣ್ಮಕ್ಕಳಿಗೆ ರೊಟ್ಟಿ ತಟ್ಟೋದು ಕಲಿಸ್ತೀವಿ, ರಂಗೋಲಿ ಕಲಿಸ್ತೀವಿ, ಪಾನಾ ಹಿಡಿದ್ರೆ ಮಾತ್ರ "ಇಡು ಅದನ್ನ, ಅಣ್ಣ ಮಾಡ್ತಾನೆ" ಅಂತೀವಿ. ಆ ಒಂದು ಮಾತಿನಾಗೇ ಅವಳ ಮುಂದಿನ ಮೂವತ್ತು ವರ್ಷದ ಕಾಯೋದು ಶುರುವಾಗುತ್ತೆ. ನಲ್ಲಿ ಬಿಚ್ಚೋವಾಗ ಮಗಳನ್ನ ಪಕ್ಕದಾಗೆ ನಿಲ್ಲಿಸ್ಕೊಳ್ರಿ. ಮಗನೂ ನಿಂತ್ರೆ ಇನ್ನೂ ಒಳ್ಳೇದು.

ಹೊನ್ನಾಳಿಗೋ ನ್ಯಾಮತಿಗೋ ಹೋದಾಗ ಸವೆದ ವಾಷರನ್ನ ಪರ್ಸಿನಾಗೆ ಹಾಕ್ಕೊಂಡು ಹೋಗ್ರಿ, ಅಂಗಡಿಯಾಗೆ ತೋರಿಸಿ ನಾಕು ತರ್ರಿ. ಒಂದು ಈಗಿಗೆ, ಎರಡು ಮುಂದಕ್ಕೆ. ಇನ್ನೊಂದು, ಪಕ್ಕದ ಮನೆ ಅಜ್ಜಿ ನಲ್ಲಿಗೆ.